ಸೆನ್ಸರ್ ಕಂಪ್ಲೇಂಟ್ ಎಂಬ ತೀರ್ಪು

ಹತ್ತು ಹದಿನೈದು ವರ್ಷ ಓಡಿದ ಕಾರಿನ ಮೀಟರ್ ಬೋರ್ಡಿನಲ್ಲಿ ಕೆಂಪೋ ಹಳದಿಯೋ ಒಂದು ದೀಪ ಹತ್ತಿತೆಂದರೆ ನಮ್ಮ ಗ್ಯಾರೇಜುಗಳಲ್ಲಿ ಸಿಗುವ ಮಾತು ಬಹುಮಟ್ಟಿಗೆ ಒಂದೇ: "ಏನಿಲ್ಲ ಸಾರ್, ಸೆನ್ಸರ್ ಕಂಪ್ಲೇಂಟು. ಗಾಡಿ ಚೆನ್ನಾಗೇ ಓಡ್ತಿದೆಯಲ್ಲ, ಬಿಡಿ." ಈ ಮಾತಿನ ಹಿಂದೆ ಒಂದು ಸಿದ್ಧಾಂತವೇ ಇದೆ. ಎಂಜಿನ್ ಕಬ್ಬಿಣದ್ದು, ನಂಬಬಹುದು. ವೈರು, ಸೆನ್ಸರುಗಳಿಗೆ ವಯಸ್ಸಾಗುತ್ತದೆ, ಸುಳ್ಳು ಹೇಳತೊಡಗುತ್ತವೆ. ಆದ್ದರಿಂದ ಹಳೆಯ ಕಾರಿನ ದೀಪವನ್ನು ಲೆಕ್ಕಕ್ಕೆ ಹಿಡಿಯಬೇಕಾಗಿಲ್ಲ. ಹಳೆಯ ಕಾರುಗಳನ್ನು ಪ್ರೀತಿಸುವವರಲ್ಲೇ ಈ ಸಿದ್ಧಾಂತಕ್ಕೆ ಅನುಯಾಯಿಗಳು ಜಾಸ್ತಿ. ನಾನೂ ಆ ಗುಂಪಿನವನೇ ಆದ್ದರಿಂದ ಈ ಜಗಳ ಮನೆಯೊಳಗಿನದು. ನನ್ನ ವಾದ ಇಷ್ಟು: ದೀಪ ಸುಳ್ಳು ಹೇಳುವುದು ತೀರ ಅಪರೂಪ. ಅದು ಹೇಳದೇ ಇದ್ದುದನ್ನು ನಾವೇ ಅದರ ಬಾಯಿಗೆ ತುರುಕುತ್ತೇವೆ, ಆಮೇಲೆ ಅದಕ್ಕೇ ಸುಳ್ಳುಗಾರನ ಪಟ್ಟ ಕಟ್ಟುತ್ತೇವೆ.

ಆಯಿಲ್ ಕ್ಯಾನಿನ ಚಿತ್ರವಿರುವ ಕೆಂಪು ದೀಪವನ್ನು ನೋಡಿ. ಎಂಜಿನ್ನಿನಲ್ಲಿ ಎಷ್ಟು ಆಯಿಲ್ ಇದೆ ಎಂಬುದು ಹೆಚ್ಚಿನ ಹಳೆಯ ಕಾರುಗಳಲ್ಲಿ ಅದಕ್ಕೆ ಗೊತ್ತೇ ಇಲ್ಲ. ಬ್ಲಾಕಿಗೆ ತಿರುಗಿಸಿ ಕೂರಿಸಿದ ಒಂದು ಸ್ವಿಚ್, ಒತ್ತಡ ಸುಮಾರು 0.3ರಿಂದ 0.5 ಬಾರ್‌ಗಿಂತ ಕೆಳಗಿಳಿದಾಗ ವೈರನ್ನು ಅರ್ತ್‌ಗೆ ಮುಟ್ಟಿಸುತ್ತದೆ, ದೀಪ ಹತ್ತುತ್ತದೆ. ಅಷ್ಟೇ ಅದರ ಲೋಕ. ಡಿಪ್‌ಸ್ಟಿಕ್ ಎಳೆದು "ಆಯಿಲ್ ಫುಲ್ ಇದೆ, ದೀಪ ಸುಳ್ಳು" ಎನ್ನುವವರು ಒತ್ತಡದ ಪ್ರಶ್ನೆಗೆ ಮಟ್ಟದ ಉತ್ತರ ಕೊಡುತ್ತಿದ್ದಾರೆ. ಘಾಟಿ ಹತ್ತಿ ಕಾದ ಎಂಜಿನ್ ಐಡ್ಲಿಂಗಿನಲ್ಲಿ ನಿಂತಾಗ ಮಾತ್ರ ಮಿಣುಕಿ, ಆಕ್ಸಿಲರೇಟರ್ ಒತ್ತಿದೊಡನೆ ಆರುವ ದೀಪವನ್ನು ಎಷ್ಟೋ ಜನ ಸ್ವಿಚ್ಚಿನ ಚೇಷ್ಟೆ ಎಂದು ತಳ್ಳಿಹಾಕುತ್ತಾರೆ. ಸವೆದ ಬೇರಿಂಗು, ತೆಳುವಾದ ಆಯಿಲು, ಸೋತ ಪಂಪು ತೋರಿಸುವ ಲಕ್ಷಣವೂ ಅಕ್ಷರಶಃ ಅದೇ. ಹಾಗೆಂದು ಸ್ವಿಚ್ ಕೆಡುವುದೇ ಇಲ್ಲ ಎಂದು ನಾನು ಹೇಳುತ್ತಿಲ್ಲ. ಕೆಡುತ್ತದೆ, ಅಗ್ಗದ್ದು ಬೇಗ ಕೆಡುತ್ತದೆ. ಆದರೆ ಅದನ್ನು ಊಹಿಸಬೇಕಾಗಿಲ್ಲ. ಕೀ ಆನ್ ಮಾಡಿ ಸ್ವಿಚ್ಚಿನ ವೈರು ಕಳಚಿ. ದೀಪ ಆರದಿದ್ದರೆ ವೈರು ಎಲ್ಲೋ ಬಾಡಿಗೆ ಉಜ್ಜುತ್ತಿದೆ. ಆರಿದರೆ ಸ್ವಿಚ್ ಬಿಚ್ಚಿ ಅದೇ ತೂತಿಗೆ ಮೆಕ್ಯಾನಿಕಲ್ ಗೇಜ್ ಹಾಕಿ, ಎಂಜಿನ್ ಕಾದ ಮೇಲೆ ಒತ್ತಡ ಓದಿ. ಓಡುವಾಗ ಈ ದೀಪ ಹತ್ತಿದರೆ ಎಂಜಿನ್ ಆರಿಸಿ. ಗೇಜ್ ಒತ್ತಡ ಸರಿಯಿದೆ ಎಂದು ತೋರಿಸುವವರೆಗೆ "ಸುಳ್ಳು" ಎನ್ನುವ ಹಕ್ಕು ಯಾರಿಗೂ ಇಲ್ಲ.

ಇದಕ್ಕಿಂತ ಸ್ವಾರಸ್ಯದ ಪ್ರಕರಣ ಬ್ಯಾಟರಿ ದೀಪದ್ದು. ನಮ್ಮಲ್ಲಿ ಅದನ್ನು ದೂರ ನಿಂತು ವರದಿ ಒಪ್ಪಿಸುವ ಸಾಕ್ಷಿ ಎಂದುಕೊಂಡಿದ್ದೇವೆ. ಹಳೆಯ ಮಾದರಿಯ ಆಲ್ಟರ್ನೇಟರುಗಳಲ್ಲಿ ಅದು ಘಟನೆಯಲ್ಲೇ ಪಾತ್ರಧಾರಿ. ಇಗ್ನಿಷನ್‌ನಿಂದ ಬರುವ ಕರೆಂಟು ಈ ಬಲ್ಬಿನ ಮೂಲಕವೇ ಹರಿದು ಆಲ್ಟರ್ನೇಟರಿನ ರೋಟರನ್ನು ಎಚ್ಚರಿಸುತ್ತದೆ. ಆಲ್ಟರ್ನೇಟರ್ ವಿದ್ಯುತ್ ಮಾಡತೊಡಗಿದಾಗ ಬಲ್ಬಿನ ಎರಡೂ ತುದಿಗಳಲ್ಲಿ ವೋಲ್ಟೇಜ್ ಸಮವಾಗುತ್ತದೆ. ಕರೆಂಟಿಗೆ ಹರಿಯಲು ಕಾರಣವಿಲ್ಲದೆ ದೀಪ ಆರುತ್ತದೆ. ಇದನ್ನು ತಿಳಿಯದೆ, ಕಿರಿಕಿರಿ ಕೊಡುತ್ತದೆಂದು ಬಲ್ಬನ್ನೇ ಕಿತ್ತವರ ಕಾರಿನಲ್ಲಿ ಎಚ್ಚರಿಕೆಯ ಜೊತೆಗೆ ಎಷ್ಟೋ ಸಲ ಚಾರ್ಜಿಂಗೂ ಹೋಗಿರುತ್ತದೆ: ಎಂಜಿನ್ ರೇಸ್ ಮಾಡುವವರೆಗೆ ಆಲ್ಟರ್ನೇಟರ್ ಏಳುವುದೇ ಇಲ್ಲ.

ಈಗ ರಾತ್ರಿ ಹೆಡ್‌ಲೈಟ್ ಹಾಕಿದಾಗ ಮಾತ್ರ ಮಂಕಾಗಿ ಉರಿಯುವ ಬ್ಯಾಟರಿ ದೀಪದ ವಿಷಯಕ್ಕೆ ಬನ್ನಿ. "ಮಲ್ಟಿಮೀಟರ್ 14 ವೋಲ್ಟ್ ತೋರಿಸುತ್ತಿದೆ, ಚಾರ್ಜಿಂಗ್ ಸರಿಯಿದೆ, ದೀಪವೇ ಸುಳ್ಳು" ಎಂಬುದು ಎದುರುವಾದ. ಬಲವಾದ ವಾದವೆಂದು ಒಪ್ಪುತ್ತೇನೆ, ಆದರೆ ಅರ್ಧ ಪರೀಕ್ಷೆಯ ಮೇಲೆ ನಿಂತದ್ದು. ದೀಪ ಹೇಳುತ್ತಿರುವುದು ತನ್ನ ಎರಡು ತುದಿಗಳ ನಡುವೆ ವ್ಯತ್ಯಾಸವಿದೆ ಎಂದು ಮಾತ್ರ. ಯಾವ ತುದಿ ಕೆಳಗಿದೆ ಎಂದು ಹೇಳುವುದಿಲ್ಲ. ಆಲ್ಟರ್ನೇಟರಿನ ಒಂದು ಡಯೋಡ್ ಹೋಗಿದ್ದರೂ ಹೀಗಾಗುತ್ತದೆ. ಆಗ ಖಾಲಿ ಐಡ್ಲಿಂಗಿನಲ್ಲಿ 14 ತೋರಿಸಿದ ಮೀಟರು ಹೆಡ್‌ಲೈಟು, ಬ್ಲೋವರು ಹಾಕಿದ ಮೇಲೆ ಜಾರುತ್ತದೆ. ಆಲ್ಟರ್ನೇಟರ್ ಗಟ್ಟಿಯಾಗಿದ್ದು, ಇಗ್ನಿಷನ್ ಸ್ವಿಚ್ಚಿನ ಸುಟ್ಟ ಪಾಯಿಂಟಿನಲ್ಲೋ ಫ್ಯೂಸ್ ಬಾಕ್ಸಿನ ಕಿಲುಬಿನಲ್ಲೋ ಒಂದೆರಡು ವೋಲ್ಟ್ ಸೋರಿಹೋದರೂ ಹೀಗೇ ಆಗುತ್ತದೆ. ಆಗ ಕರೆಂಟು ಬಲ್ಬಿನಲ್ಲಿ ತಿರುವುಮುರುವಾಗಿ ಹರಿಯುತ್ತದೆ. ಬಲ್ಬಿಗೆ ದಿಕ್ಕಿನ ಪರಿವೆ ಇಲ್ಲ. ಒಬ್ಬರು ದೀಪ ಸುಳ್ಳೆಂದು ಸುಮ್ಮನಾಗುತ್ತಾರೆ, ಇನ್ನೊಬ್ಬರು ಆಲ್ಟರ್ನೇಟರನ್ನೇ ಬದಲಿಸಿ ಅದೇ ಮಂಕು ದೀಪದೊಡನೆ ಮನೆಗೆ ಹೋಗುತ್ತಾರೆ. ಇಬ್ಬರೂ ಬಲ್ಬಿನ ಎರಡು ತುದಿಗಳನ್ನು ಅಳೆದಿಲ್ಲ.

ಬ್ರೇಕ್ ದೀಪದ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ಹ್ಯಾಂಡ್‌ಬ್ರೇಕಿನ ಸ್ವಿಚ್ಚೂ ಬ್ರೇಕ್ ಆಯಿಲ್ ಡಬ್ಬಿಯ ಫ್ಲೋಟೂ ಸಾಮಾನ್ಯವಾಗಿ ಒಂದೇ ಬಲ್ಬಿಗೆ ಸೇರುತ್ತವೆ. ಇಳಿಜಾರಿನಲ್ಲಿ, ತಿರುವಿನಲ್ಲಿ ಅರೆಕ್ಷಣ ಮಿನುಗುವ ದೀಪವನ್ನು ಲೂಸ್ ಕಾಂಟ್ಯಾಕ್ಟ್ ಎನ್ನುತ್ತಾರೆ. ಪ್ಯಾಡ್ ಸವೆದಷ್ಟೂ ಪಿಸ್ಟನ್ ಹೊರಬಂದು ಡಬ್ಬಿಯ ಮಟ್ಟ ಇಳಿಯುತ್ತದೆ, ಇಳಿದ ಆಯಿಲು ಓಲಾಡಿದಾಗ ಫ್ಲೋಟ್ ಕೆಳಗಿಳಿಯುತ್ತದೆ. ಸೋರಿಕೆಯಿದ್ದರೂ ಹೀಗೇ. ಎರಡನ್ನೂ ನೋಡದೆ ಬರೀ ಆಯಿಲ್ ತುಂಬಿಸಿ ದೀಪ ಆರಿಸುವುದು ರೋಗಿಯನ್ನು ಬಿಟ್ಟು ಥರ್ಮಾಮೀಟರಿಗೆ ಔಷಧ ಹಾಕುವ ಕೆಲಸ.

ಓದಿದವರ ಮೂಢನಂಬಿಕೆ ಬೇರೆಯದು. ಅವರ ಕೈಯಲ್ಲಿ ಬ್ಲೂಟೂತ್ ಸ್ಕ್ಯಾನರ್ ಇದೆ. ದೋಷಗಳನ್ನು ಕಾರಿನ ಕಂಪ್ಯೂಟರೇ ಕೋಡ್ ಆಗಿ ಬರೆದಿಡುವ ಓಬಿಡಿ ವ್ಯವಸ್ಥೆಯ ಎರಡನೇ ಹಂತ ಭಾರತದಲ್ಲಿ ಹೊಸ ಕಾರುಗಳಿಗೆ ಕಡ್ಡಾಯವಾದದ್ದು 2013ರ ಏಪ್ರಿಲ್‌ನಲ್ಲಿ. ಆ ಕಾಲದ ಕಾರುಗಳೇ ಈಗ ಹಳೆಯವಾಗಿವೆ. ಚೆಕ್ ಎಂಜಿನ್ ದೀಪ ಹತ್ತುತ್ತದೆ, ಪಿ0171 ಎಂಬ ಕೋಡ್ ಬರುತ್ತದೆ, ಹೊಸ ಆಕ್ಸಿಜನ್ ಸೆನ್ಸರ್ ಬೆಂಗಳೂರಿನ ಜೆ.ಸಿ. ರಸ್ತೆಯಿಂದ ಮನೆಗೆ ಬರುತ್ತದೆ. ಆ ಕೋಡ್ ಹೇಳುವುದು ಮಿಶ್ರಣದಲ್ಲಿ ಪೆಟ್ರೋಲ್ ಕಡಿಮೆ ಕಾಣುತ್ತಿದೆ, ತನ್ನ ಮಿತಿಯವರೆಗೆ ಹೆಚ್ಚಿಸಿದರೂ ಸರಿಹೋಗುತ್ತಿಲ್ಲ ಎಂಬ ಕಂಪ್ಯೂಟರಿನ ಅಳಲನ್ನು. ಬಿರುಕುಬಿಟ್ಟ ವ್ಯಾಕ್ಯೂಮ್ ಪೈಪು, ಧೂಳು ಹಿಡಿದ ಏರ್‌ಫ್ಲೋ ಮೀಟರು, ಸೋತ ಪೆಟ್ರೋಲ್ ಪಂಪು, ಸೆನ್ಸರಿಗಿಂತ ಮುಂಚೆ ಸೋರುವ ಎಕ್ಸಾಸ್ಟು ಎಲ್ಲವೂ ಶಂಕಿತರು. ದೂರು ತಂದುಕೊಟ್ಟ ಸೆನ್ಸರನ್ನೇ ಮೊದಲು ಬದಲಿಸುತ್ತೇವೆ. ಅದಕ್ಕೂ ದೊಡ್ಡ ಅಪರಾಧ, ಓದದೆ ಕೋಡ್ ಅಳಿಸುವುದು. ದೋಷ ದಾಖಲಾದ ಗಳಿಗೆಯ ಆರ್‌ಪಿಎಂ, ಕೂಲೆಂಟಿನ ಬಿಸಿ, ವೇಗ, ಲೋಡ್ ಇವನ್ನೆಲ್ಲ ಕಂಪ್ಯೂಟರು ಫ್ರೀಜ್ ಫ್ರೇಮ್ ಆಗಿ ಬರೆದಿಟ್ಟಿರುತ್ತದೆ. ಅಳಿಸುವ ಗುಂಡಿ ಒತ್ತಿದರೆ ಅದೂ ಹೋಯಿತು. ದೀಪ ಆರಿದ್ದನ್ನು ಕಂಡು "ನೋಡಿ, ಸುಳ್ಳೇ ಆಗಿತ್ತು" ಎನ್ನುವವರಿಗೆ ಒಂದು ಮಾತು: ಬಹಳಷ್ಟು ದೋಷಗಳು ಸತತ ಎರಡು ಓಟಗಳಲ್ಲಿ ಕಂಡಮೇಲೆಯೇ ಈ ದೀಪ ಹತ್ತುವುದು. ಆರಿರುವುದು ಎರಡನೆಯ ಸಾಕ್ಷ್ಯಕ್ಕೆ ಕಾಯುತ್ತಿರುವುದರಿಂದಲೂ ಇರಬಹುದು.

ಹಾಗಾದರೆ ನಿಜಕ್ಕೂ ಸುಳ್ಳಾದ ದೀಪಗಳಿಲ್ಲವೇ? ಇವೆ. ಮೀಟರ್ ಬೋರ್ಡಿನ ಬೆಸುಗೆ ಬಿರುಕುಬಿಟ್ಟು ಹತ್ತುವ ದೀಪ ಯಾವುದರ ಬಗ್ಗೆಯೂ ಏನೂ ಹೇಳುತ್ತಿಲ್ಲ. ಕಿಲೋಮೀಟರ್ ಎಣಿಸಿ ಸರ್ವೀಸ್ ನೆನಪಿಸುವ ದೀಪಕ್ಕೆ ಆಯಿಲಿನ ಗುಣದ ಗಂಧವೇ ಇರದ ಕಾರುಗಳಿವೆ. ಆದರೆ ಉಳಿದವನ್ನು "ಬರೀ ವೈರಿಂಗ್" ಎಂದು ಬದಿಗೆ ತಳ್ಳುವ ಆ "ಬರೀ"ಗೆ ನನ್ನ ತಕರಾರಿದೆ. ಕರಾವಳಿಯ ಉಪ್ಪುಗಾಳಿಯಲ್ಲಿ ಹಸಿರುಗಟ್ಟಿದ ಕಪ್ಲರು, ಮಲೆನಾಡಿನ ಮಳೆಯಲ್ಲಿ ನೀರು ಕುಡಿದ ಜಾಯಿಂಟು, ಇಲಿ ಕಡಿದ ಎಬಿಎಸ್ ವೈರು, ಇವೂ ಕಾರೇ. ಎಂಜಿನ್ನಿನಿಂದ ಬಾಡಿಗೆ ಹೋಗುವ ಅರ್ತ್ ಪಟ್ಟಿ ತುಕ್ಕು ಹಿಡಿದರೆ ಸಂಬಂಧವಿಲ್ಲದ ಮೂರು ನಾಲ್ಕು ದೀಪಗಳು ಒಟ್ಟಿಗೆ ಕುಣಿಯುತ್ತವೆ. ಮೀಟರಿನ ಒಂದು ಕಡ್ಡಿ ಬ್ಯಾಟರಿಯ ನೆಗೆಟಿವ್‌ಗೆ, ಇನ್ನೊಂದು ಎಂಜಿನ್ ಬ್ಲಾಕಿಗೆ ಇಟ್ಟು ಸೆಲ್ಫ್ ಹೊಡೆಸಿ; ಅರ್ಧ ವೋಲ್ಟಿಗಿಂತ ಹೆಚ್ಚು ಕಂಡರೆ ಸೆನ್ಸರುಗಳ ಪಟ್ಟಿಯನ್ನು ಮಡಿಸಿಡಿ. ಅದೇ ಅರ್ತ್ ಪಟ್ಟಿಯ ಮೇಲೆ ನಿಮ್ಮ ಸ್ಟಾರ್ಟರೂ ನಿಂತಿದೆ.

ತಪ್ಪೆಲ್ಲ ಮೆಕ್ಯಾನಿಕ್ಕಿನದೂ ಅಲ್ಲ. ಗೇಜುಗಳನ್ನು ಕಿತ್ತು ಆ ಜಾಗಕ್ಕೆ ದೀಪ ಇಡುವ ಚಾಳಿ 1930ರ ದಶಕದಲ್ಲಿ ಅಮೆರಿಕದ ಹಡ್ಸನ್ ಕಾರುಗಳ ಕಾಲಕ್ಕೇ ಶುರುವಾಗಿತ್ತು. ಅಂದಿನಿಂದ ಚಾಲಕನಿಗೆ ಸಿಗುವುದು ಹೌದು, ಇಲ್ಲ ಎಂಬ ಎರಡೇ ಉತ್ತರ. ಸಣ್ಣ ಹೊಗೆ ದೋಷಕ್ಕೂ ದೊಡ್ಡ ಮಿಸ್‌ಫೈರಿಗೂ ಒಂದೇ ಹಳದಿ ದೀಪ ಕೊಟ್ಟು, ಮಿನುಗಿದರೆ ಮಾತ್ರ ಗಂಭೀರ ಎಂದು ಯಾರೂ ತೆರೆಯದ ಪುಸ್ತಕದಲ್ಲಿ ಬರೆದದ್ದು ತಯಾರಕರು. ಇನ್ನು ನಾವು ಮಾಲೀಕರು ಹೊಸ ಪಾರ್ಟಿನ ಬಿಲ್ಲಿಗೆ ಮರುಮಾತಿಲ್ಲದೆ ದುಡ್ಡು ಕೊಡುತ್ತೇವೆ, ಎರಡು ಗಂಟೆ ವೈರು ಹಿಡಿದು ಹುಡುಕಿದವನಿಗೆ "ಏನೂ ಹಾಕಲಿಲ್ಲವಲ್ಲ, ಇಷ್ಟ್ಯಾಕೆ?" ಎನ್ನುತ್ತೇವೆ. ಹುಡುಕಾಟಕ್ಕೆ ಕೂಲಿಯಿಲ್ಲದ ಕಡೆ "ಸೆನ್ಸರ್ ಕಂಪ್ಲೇಂಟ್" ಎಂಬುದು ಲೆಕ್ಕಾಚಾರದ ಉತ್ತರ.

ಈ ಲೆಕ್ಕಾಚಾರ ಅಪಾಯಕ್ಕೆ ತಿರುಗುವುದು ಏರ್‌ಬ್ಯಾಗ್ ದೀಪದಲ್ಲಿ. ಸೀಟಿನ ಕೆಳಗಿನ ಹಳದಿ ಕಪ್ಲರ್ ಸಡಿಲವಾದರೂ, ಸ್ಟಿಯರಿಂಗಿನೊಳಗಿನ ಸುರುಳಿ ಕೇಬಲ್ ತುಂಡಾದರೂ ಅದು ಹತ್ತುತ್ತದೆ. ಜೊತೆಗೆ ಹಾರನ್ನೂ ನಿಂತಿದ್ದರೆ ಕೇಬಲಿನ ಮೇಲೇ ಸಂಶಯ. ದೀಪ ಹತ್ತಿರುವಾಗ ಹಲವು ಕಾರುಗಳಲ್ಲಿ ಏರ್‌ಬ್ಯಾಗ್ ಬಿಚ್ಚಿಕೊಳ್ಳುವ ಭರವಸೆಯಿಲ್ಲ. ಈ ವೈರುಗಳಿಗೆ ಮಲ್ಟಿಮೀಟರ್ ಚುಚ್ಚಲೂಬಾರದು, ಅದರ ಕರೆಂಟಿಗೇ ಏರ್‌ಬ್ಯಾಗ್ ಸಿಡಿಯಬಹುದು. ಏರ್‌ಬ್ಯಾಗಿನ ಜಾಗಕ್ಕೆ ಎರಡು ಮೂರು ಓಮ್‌ನ ರೆಸಿಸ್ಟರ್ ಸಿಕ್ಕಿಸಿ ಕಂಪ್ಯೂಟರನ್ನು ನಂಬಿಸುವವರೂ, ಆ ಬಲ್ಬನ್ನು ಆಯಿಲ್ ದೀಪದ ವೈರಿಗೆ ಕಟ್ಟಿಬಿಡುವವರೂ ಇದ್ದಾರೆ. ಹಳೆಯ ಕಾರು ಕೊಳ್ಳುವಾಗ ಸ್ಟಾರ್ಟ್ ಮಾಡದೆ ಕೀ ಆನ್ ಮಾಡಿ ನಿಲ್ಲಿಸಿ. ಏರ್‌ಬ್ಯಾಗ್ ದೀಪ ಹತ್ತಿ, ಕೆಲವು ಸೆಕೆಂಡಿನಲ್ಲಿ ತಾನೇ ಆರಬೇಕು. ಆಯಿಲ್ ದೀಪ ಎಂಜಿನ್ ಏಳುವವರೆಗೆ ಉರಿಯುತ್ತಲೇ ಇರಬೇಕು. ಎರಡೂ ಒಟ್ಟಿಗೆ ಆರಿದರೆ, ಅಥವಾ ಮೊದಲನೆಯದು ಹತ್ತದೇ ಹೋದರೆ, ಬೆಲೆಯ ಮಾತು ಎತ್ತುವ ಮೊದಲು ಮೀಟರ್ ಬೋರ್ಡ್ ಬಿಚ್ಚಿ ತೋರಿಸಲು ಹೇಳಿ.