ಎರವಲು ಮಟ್ಟಿನ ರಾಜಗೀತೆ

ಪ್ರಷ್ಯದ ರಾಜಗೀತೆಯಾಗಿದ್ದ ‘ಹೈಲ್ ದಿರ್ ಇಮ್ ಸೀಗರ್‌ಕ್ರಾಂಟ್ಸ್’ ಎಂಬುದನ್ನು ಮೊದಲ ಬಾರಿಗೆ ಕೇಳುವವರು, ಎರಡು ಆವರ್ತ ಮುಗಿಯುವ ಮುನ್ನವೇ, ‘ಇದು ಇಂಗ್ಲೆಂಡಿನ ದೊರೆಯ ಹಾಡಲ್ಲವೆ?’ ಎಂದು ಹುಬ್ಬೇರಿಸುವುದುಂಟು. ಮಟ್ಟು ಅದೇ ಎಂಬುದು ನಿಜ. ಸಾಹಿತ್ಯವಾದರೂ ಸ್ವಂತದ್ದೆನ್ನುವಂತಿಲ್ಲ, ಡೆನ್ಮಾರ್ಕಿನ ಅರಸನಿಗಾಗಿ ಹೈನ್ರಿಖ್ ಹ್ಯಾರೀಸನು 1790ರಲ್ಲಿ ರಚಿಸಿದ ಪದ್ಯಗಳನ್ನು ಶೂಮಾಖರನೆಂಬವನು 1793ರಲ್ಲಿ ಪ್ರಷ್ಯದ ಸಿಂಹಾಸನಕ್ಕೆ ಒಪ್ಪುವಂತೆ ತಿದ್ದಿಕೊಂಡನು. ಆದುದರಿಂದ ಇಲ್ಲಿ ನೂತನತೆಯನ್ನು ಅರಸುವುದು ವ್ಯರ್ಥ. ಆಲಿಸಬೇಕಾದುದು ಆ ಮಟ್ಟಿನ ಶರೀರವನ್ನು.

ಸ್ವರಗಳು ನಮ್ಮ ಶಂಕರಾಭರಣದವು, ಎಣಿಕೆ ಮೂರರದು; ಪೂರ್ವಾರ್ಧಕ್ಕೆ ಆರು ಆವರ್ತ, ಉತ್ತರಾರ್ಧಕ್ಕೆ ಎಂಟು. ಮೊದಲರ್ಧದಲ್ಲಿ ಕೆಳಗಿನ ನಿಷಾದಕ್ಕೂ ಮೇಲಿನ ಮಧ್ಯಮಕ್ಕೂ ನಡುವೆ, ಆಸ್ಥಾನದಲ್ಲಿ ಹೆಜ್ಜೆಯೆಣಿಸಿ ನಡೆಯುವ ವೃದ್ಧಸಚಿವನಂತೆ, ಷಡ್ಜದ ಆಸುಪಾಸಿನಲ್ಲಿಯೇ ಸುಳಿಯುತ್ತಿದ್ದ ಗೀತವು, ಉತ್ತರಾರ್ಧದ ಹೊಸ್ತಿಲಲ್ಲಿ ಒಮ್ಮೆಗೇ ಪಂಚಮಕ್ಕೆ ನೆಗೆದು, ಅಲ್ಲಿಯೇ ಮತ್ತೆ ಮತ್ತೆ ತಟ್ಟಿ ನಿಂತು, ಅದೇ ಸಂಚಾರವನ್ನು ಒಂದು ಮೆಟ್ಟಿಲಿಳಿದು ಮಧ್ಯಮದಿಂದ ಪುನಃ ನುಡಿದು, ಕಟ್ಟಕಡೆಗೆ ಧೈವತವನ್ನು ಒಂದೇ ಒಂದು ಸಲ ಮುಟ್ಟಿ ಷಡ್ಜಕ್ಕೆ ಮರಳುತ್ತದೆ. ಕಿವಿಯು ಆ ಒಂದು ಧೈವತಕ್ಕಾಗಿ ಕಾದಿರಬೇಕು. ಗಮಕವಿಲ್ಲವೆಂದು ಕೊರಗಬಾರದು, ಶಿಕ್ಷಣವಿಲ್ಲದ ಸಾವಿರ ಕಂಠಗಳು ಏಕಕಾಲದಲ್ಲಿ ಹಾಡಬೇಕಾದುದಕ್ಕೆ ಗಮಕವು ಭೂಷಣವಲ್ಲ, ಭಾರ.

ಕಿವಿ ಇಷ್ಟು ಪಳಗಿದ ಮೇಲೆ, 1871ರ ಯುದ್ಧವಿಜಯದ ಹೊತ್ತಿನಲ್ಲಿ ಬ್ರಾಮ್ಸನು ಕಟ್ಟಿದ ‘ಟ್ರಿಯುಂಫ್‌ಲೀಡ್’ ಎಂಬ ಮಹಾವೃಂದಗಾನದ ಮೊದಲ ಭಾಗದಲ್ಲಿ ಈ ಮಟ್ಟು ಮಾರುವೇಷದಲ್ಲಿ ಸುಳಿದಾಡುವುದನ್ನು ಹಿಡಿಯಲು ಯತ್ನಿಸಬಹುದು. ಕೃತಿಯೇನೋ ಭವ್ಯವೇ, ಆದರೆ ಅದರ ಗೆಲುವಿನ ಗದ್ದಲ ನನಗೆ ಬೇಗ ದಣಿವು ತರುತ್ತದೆ.

ನನ್ನ ಒಲವು ವೇಬರನ ‘ಯೂಬೆಲ್ ಓವರ್ಚರ್’ ಕಡೆಗೆ. 1815ರಲ್ಲಿ ಅರ್ಧಕ್ಕೂ ಮಿಗಿಲಾದ ನೆಲವನ್ನು ಪ್ರಷ್ಯಕ್ಕೆ ಒಪ್ಪಿಸಬೇಕಾಗಿ ಬಂದ ಸ್ಯಾಕ್ಸನಿ ರಾಜ್ಯವು, ವಿಚಿತ್ರವೆಂಬಂತೆ, ಅದೇ ವರ್ಷ ಅದೇ ಮಟ್ಟಿಗೆ ತನ್ನ ರಾಜಗೀತೆಯನ್ನೂ ಹೊಂದಿಸಿಕೊಂಡಿತು: ಕಳೆದುಕೊಂಡವನ ಹಾಡೂ ಕಸಿದುಕೊಂಡವನ ಹಾಡೂ ಒಂದೇ ಧಾಟಿ! ಆ ಸ್ಯಾಕ್ಸನಿಯ ಅರಸನ ಆಳ್ವಿಕೆಯ 50ನೆಯ ವರ್ಷದ ಉತ್ಸವಕ್ಕೆಂದು ಡ್ರೆಸ್ಡೆನ್ ನಗರದಲ್ಲಿ 1818ರಲ್ಲಿ ನುಡಿಸಲಾದ ಈ ಕೃತಿಯಲ್ಲಿ, ಗೀತೆಯ ಸುಳಿವನ್ನೇ ಕೊಡದೆ ಬಹುದೂರ ನಡೆಸಿಕೊಂಡು ಹೋದ ವೇಬರನು, ಕೊನೆಯಲ್ಲಿ ಸುಷಿರವಾದ್ಯಗಳ ಬಾಯಿಂದ ಅದನ್ನು ನಿಧಾನವಾಗಿ ನುಡಿಸುತ್ತಾನೆ. ಪಿಟೀಲುಗಳು ಅದನ್ನು ಹಾಡುವುದಿಲ್ಲ, ಅದರ ಸುತ್ತ ಧಾರಾಕಾರವಾಗಿ ಹರಿಯುತ್ತಿರುತ್ತವೆ.