ರೊಟ್ಟಿ ಉಣ್ಣುವ ಇನ್ನೊಂದು ಬಳಗ

ಸೇಡಂ, ಚಿತ್ತಾಪುರ, ವಾಡಿಯ ಮನೆಗಳಲ್ಲಿ ಬಡಿಯುವ ಜೋಳದ ರೊಟ್ಟಿಯ ಹೆಚ್ಚುಗಾರಿಕೆ ನಾಲಿಗೆ ದಾಟಿದ ಮೇಲೂ ಇದೆ. ಅದರ ನಾರು, ಜೊತೆಗಿನ ತೊಗರಿ ಬ್ಯಾಳಿಯ ನಾರು ಜೀರ್ಣವಾಗದೆ ದೊಡ್ಡ ಕರುಳಿಗೆ ಇಳಿಯುತ್ತವೆ. ಅಲ್ಲಿನ ಬ್ಯಾಕ್ಟೀರಿಯಾ ಆ ನಾರನ್ನು ಹುಳಿಸಿ ಬ್ಯುಟಿರೇಟ್ ಎಂಬ ಕೊಬ್ಬಿನಾಮ್ಲ ತಯಾರಿಸುತ್ತವೆ. ರೋಗನಿರೋಧಕ ಪಡೆಯನ್ನು ಹದ್ದುಬಸ್ತಿನಲ್ಲಿಡುವ ಟಿ-ರೆಗ್ ಕೋಶಗಳನ್ನು ಈ ಬ್ಯುಟಿರೇಟ್ ಹೆಚ್ಚಿಸುತ್ತದೆಂದು 2013ರಲ್ಲಿ ಇಲಿಗಳ ಮೇಲಿನ ಪ್ರಯೋಗಗಳು ತೋರಿಸಿದವು. ಆ ಹಿಡಿತ ಸಡಿಲಿದರೆ ದೇಹ ತನ್ನ ಮೇಲೆ ತಾನೇ ಏರಿಹೋಗಬಹುದು.

ಇಲಿ ಮನುಷ್ಯನಲ್ಲ, ನಿಜ. ಇನ್ನೂ ಗಟ್ಟಿ ತಕರಾರು ಅದೇ ವರ್ಷದ್ದು: ನಾರುಣ್ಣುವವರಲ್ಲಿ ಹುಲುಸಾಗಿರುವ ಪ್ರಿವೊಟೆಲ್ಲಾ ಎಂಬ ಬ್ಯಾಕ್ಟೀರಿಯಾ ಗುಂಪಿನ ಒಂದು ಜಾತಿ, ದೇಹ ತನ್ನದೇ ಕೀಲುಗಳ ಮೇಲೆ ಏರಿಹೋಗುವ ರುಮಟಾಯ್ಡ್ ಸಂಧಿವಾತ ಹೊಸದಾಗಿ ಬಂದ ನ್ಯೂಯಾರ್ಕ್ ರೋಗಿಗಳಲ್ಲಿ ಹೆಚ್ಚು ಸಿಕ್ಕಿತು. ಆದರೆ ರೋಗದ ಜೊತೆ ಕಂಡದ್ದೆಲ್ಲ ಕಾರಣವಲ್ಲ. ಆ ಜಾತಿಯಲ್ಲೇ ಹಲವು ತಳಿಗಳಿವೆ, ಎಲ್ಲವೂ ಒಂದೇ ಬಗೆಯಲ್ಲ. ಹಾಗೆಂದು ರೋಗಕ್ಕೆ ಮಾತ್ರೆ ಬಿಟ್ಟು ರೊಟ್ಟಿ ನೆಚ್ಚುವುದು ದಡ್ಡತನ. ಪಾಲಿಶ್ ಅಕ್ಕಿಯ ಅನ್ನಕ್ಕಿಂತ ರೊಟ್ಟಿ ಕರುಳಿನ ಬ್ಯಾಕ್ಟೀರಿಯಾ ಬಳಗಕ್ಕೆ ಹೆಚ್ಚು ಉಣಿಸುತ್ತದೆ; ನನ್ನ ಮೆಚ್ಚುಗೆ ಅಷ್ಟಕ್ಕೆ.