ಕಂದು ಮೈಗೆ ಹಾಕಿದ ಒಂದೇ ಋತು

ದಕ್ಷಿಣ ಕೊರಿಯಾದ ಸೋಲ್ ನಗರಕ್ಕೆ ಹೋಗುವ ಪ್ರವಾಸಿಗರಲ್ಲಿ ಹಲವರು ಈಗ ಅರಮನೆ, ಮಾರುಕಟ್ಟೆಗಳ ಜೊತೆಗೆ ಮೈಗೊಪ್ಪುವ ಬಣ್ಣ ಹೇಳುವ ಸಲಹೆಗಾರರ ಭೇಟಿಗೂ ಸಮಯ ಕಾದಿರಿಸಿಕೊಳ್ಳುತ್ತಾರೆ. ಅಲ್ಲಿ ಮೇಕಪ್ ಒರೆಸಿ, ಕೂದಲಿಗೆ ಬಿಳಿ ಬಟ್ಟೆ ಮುಚ್ಚಿ, ಕನ್ನಡಿಯ ಮುಂದೆ ಕೂರಿಸುತ್ತಾರೆ. ಕತ್ತಿನ ಕೆಳಗೆ ಒಂದಾದ ಮೇಲೊಂದು ಬಣ್ಣದ ತುಂಡುಬಟ್ಟೆ ಹಾಸಿ ತೆಗೆಯುತ್ತಾರೆ. ಕೊನೆಗೆ ‘ನಿಮ್ಮದು ಬೇಸಿಗೆ’, ‘ನಿಮ್ಮದು ಶರತ್ಕಾಲ’ ಎಂಬ ತೀರ್ಪಿನ ಜೊತೆಗೆ ಒಪ್ಪುವ ಬಣ್ಣಗಳ ಪಟ್ಟಿ ಕೈಗೆ ಬರುತ್ತದೆ. ಇಂಥ ಸಲಹೆಗಾರರು ಬೆಂಗಳೂರಿನಲ್ಲೂ ಇದ್ದಾರೆ. ಪ್ರವಾಸದ ಬಟ್ಟೆ ಜೋಡಿಸಿಕೊಳ್ಳುವವರಿಗೆ ಈ ಪದ್ಧತಿ ಎರಡು ಭರವಸೆ ಕೊಡುತ್ತದೆ: ಮುಖಕ್ಕೆ ಕಳೆ ಬರುತ್ತದೆ, ಪೆಟ್ಟಿಗೆ ಹಗುರವಾಗುತ್ತದೆ. ಎರಡನೆಯದನ್ನು ಒಪ್ಪಬಹುದು. ಮೊದಲನೆಯದನ್ನು ಒಪ್ಪುವ ಮೊದಲು ಯಾರ ಮುಖ ಎಂದು ಕೇಳಬೇಕು.

ಈ ಪದ್ಧತಿಯ ಬೇರು ಇರುವುದು ಬಣ್ಣದ ಬಾನಿಯಲ್ಲಿ. 1824ರಲ್ಲಿ ಮಿಶೆಲ್ ಯೂಜೀನ್ ಶೆವ್ರೂಲ್ ಎಂಬ ರಸಾಯನಶಾಸ್ತ್ರಜ್ಞ ಪ್ಯಾರಿಸಿನ ಗೋಬೆಲಿನ್ ನೇಯ್ಗೆ ಕಾರ್ಖಾನೆಯ ಬಣ್ಣಗಾರಿಕೆಯ ಹೊಣೆ ಹೊತ್ತ. ಅಲ್ಲಿನ ಕಪ್ಪು ನೂಲು ಕಳೆಗುಂದಿ ಕಾಣುತ್ತದೆ ಎಂಬ ದೂರಿತ್ತು. ಪರೀಕ್ಷಿಸಿ ನೋಡಿದರೆ ನೂಲಿನಲ್ಲಿ ಯಾವ ದೋಷವೂ ಇರಲಿಲ್ಲ; ಪಕ್ಕದಲ್ಲಿ ನೇಯ್ದ ಬಣ್ಣಗಳು ಕಪ್ಪಿನ ಸತ್ವ ಹೀರುತ್ತಿದ್ದವು. ಪಕ್ಕಪಕ್ಕದ ಬಣ್ಣಗಳು ಕಣ್ಣಿನಲ್ಲಿ ಒಂದನ್ನೊಂದು ಬದಲಿಸುತ್ತವೆ ಎಂಬ ಆ ತಿಳಿವನ್ನು ಅವನು 1839ರಲ್ಲಿ ದೊಡ್ಡ ಪುಸ್ತಕವಾಗಿ ಹೊರತಂದ. ಉಡುಪು ಮತ್ತು ಮೈಬಣ್ಣದ ವಿಚಾರವೂ ಅದರಲ್ಲಿದೆ. ಕೆಂಪು ಕಡಿಮೆಯಿರುವ ಬಿಳಿಚು ಮುಖದ ಪಕ್ಕ ನಸುಹಸಿರು ಬಟ್ಟೆಯಿದ್ದರೆ ಮುಖ ಕೆಂಪೇರಿದಂತೆ ಕಾಣುತ್ತದೆ ಎಂದು ಅವನು ಗಮನಿಸಿದ್ದ. ಇದಕ್ಕೆ ಸರಳವಾದ ಇನ್ನೊಂದು ಕಾರಣವನ್ನೂ ಸೇರಿಸಬೇಕು. ಬಟ್ಟೆಯ ಮೇಲೆ ಬಿದ್ದ ಬೆಳಕು ಅದರ ಬಣ್ಣ ಹೊತ್ತು ಗಲ್ಲದ ಕೆಳಭಾಗಕ್ಕೆ ಚಿಮ್ಮುತ್ತದೆ. ಬಟ್ಟೆ ಮುಖದ ಕಳೆಯನ್ನು ಬದಲಿಸುತ್ತದೆ ಎಂಬ ಮಾತಿಗೆ ಹೀಗೆ ಗಟ್ಟಿ ಆಧಾರವಿದೆ.

ಆ ಮಾತನ್ನು ಋತುಗಳಿಗೆ ಕಟ್ಟಿಹಾಕಿದ್ದು ಇಪ್ಪತ್ತನೆಯ ಶತಮಾನ. ಜರ್ಮನಿಯ ಬೌಹೌಸ್ ಕಲಾಶಾಲೆಯಲ್ಲಿ 1919ರಿಂದ 1923ರವರೆಗೆ ಪಾಠ ಮಾಡಿದ ಯೋಹಾನೆಸ್ ಇಟ್ಟನ್, ವಿದ್ಯಾರ್ಥಿಗಳು ತಾವಾಗಿ ಆರಿಸಿಕೊಳ್ಳುವ ಬಣ್ಣಗಳಿಗೂ ಅವರ ಕೂದಲು, ಕಣ್ಣು, ಚರ್ಮದ ಬಣ್ಣಕ್ಕೂ ನಂಟು ಕಂಡ. 1961ರ ತನ್ನ ಪುಸ್ತಕದಲ್ಲಿ ಅದನ್ನು ಬರೆದ. 1980ರಲ್ಲಿ ಅಮೆರಿಕದ ಕರೋಲ್ ಜಾಕ್ಸನ್ ‘ಕಲರ್ ಮಿ ಬ್ಯೂಟಿಫುಲ್’ ಬರೆದು ಇದನ್ನು ಮನೆಮನೆಗೆ ತಲುಪಿಸಿದರು. ಲಕ್ಷಾಂತರ ಪ್ರತಿಗಳು ಮಾರಾಟವಾದವು. ವಸಂತ, ಬೇಸಿಗೆ, ಶರತ್ಕಾಲ, ಚಳಿಗಾಲ ಎಂಬ ನಾಲ್ಕು ಕೋಣೆಗಳಲ್ಲಿ ಎಲ್ಲ ಹೆಂಗಸರಿಗೂ ಜಾಗ ಸಿಕ್ಕಿತು. ಹೊಂಗೂದಲು, ಕೆಂಗೂದಲು, ಬೂದುಗೂದಲು, ನೀಲಿ ಕಣ್ಣು, ಹಸಿರು ಕಣ್ಣು, ಹೀಗೆ ಸೂಕ್ಷ್ಮ ವ್ಯತ್ಯಾಸಗಳನ್ನೆಲ್ಲ ಮೂರು ಋತುಗಳು ಹಂಚಿಕೊಂಡವು. ಕಪ್ಪು ಕೂದಲು, ಕಪ್ಪು ಕಣ್ಣು, ಕಂದು ಅಥವಾ ಕಪ್ಪು ಚರ್ಮದವರಲ್ಲಿ ಬಹುಪಾಲು ಜನರನ್ನು ಚಳಿಗಾಲವೊಂದಕ್ಕೇ ತುಂಬಲಾಯಿತು.

ದೋಷವಿರುವುದು ಇಲ್ಲೇ. ಎಣ್ಣೆಗೆಂಪಿನ ಅಕ್ಕ, ಗೋಧಿಬಣ್ಣದ ತಂಗಿ, ಕಡುಗಪ್ಪಿನ ಸೋದರತ್ತೆ ಒಂದೇ ಮನೆಯಲ್ಲಿರುವ ನಾಡಿಗೆ ಒಂದೇ ಕೋಣೆ ಸಾಲುತ್ತದೆಯೇ? ಚಳಿಗಾಲದ ಪಟ್ಟಿಯಲ್ಲಿ ಅಚ್ಚಬಿಳಿ, ಕಪ್ಪು, ನೇವಿ ಬ್ಲೂ, ಪಚ್ಚೆ ಹಸಿರು, ಕಡುಗುಲಾಬಿ ಇವೆ. ಸಾಸಿವೆ, ಕಿತ್ತಳೆ, ತುಕ್ಕು, ಹೊನ್ನಿನ ಹಳದಿಗಳೆಲ್ಲ ಶರತ್ಕಾಲದವರ ಪಾಲು. ಅಂದರೆ ಅರಿಶಿನ, ಕಾವಿ, ಇಟ್ಟಿಗೆ ಬಣ್ಣಗಳು ಕಂದು ಮೈಯವರಿಗೆ ನಿಷಿದ್ಧ. ಸಾಗರ ತಾಲ್ಲೂಕಿನ ಹೆಗ್ಗೋಡಿನ ಬಳಿ ಚರಕ ಸಂಸ್ಥೆಯ ಹೆಣ್ಣುಮಕ್ಕಳು ಅಡಿಕೆ ಚೊಗರಿನಲ್ಲಿ ಅದ್ದಿ ತೆಗೆಯುವ ಕೆಂಗಂದು ಬಟ್ಟೆಯನ್ನು ಕಪ್ಪು ಮೈಯವರು ತೊಟ್ಟಾಗ ನೋಡಿದ ಯಾರೂ ಈ ನಿಷೇಧವನ್ನು ಒಪ್ಪಲಾರರು. ಆ ಬಣ್ಣ ಚರ್ಮದೊಳಗಿನ ಕೆಂಪನ್ನು ಎತ್ತಿ ತೋರಿಸುತ್ತದೆ. ನಾಲ್ಕು ಋತುಗಳನ್ನು ಆಮೇಲೆ ಹನ್ನೆರಡಾಗಿ, ಹದಿನಾರಾಗಿ ಒಡೆದು ತೇಪೆ ಹಾಕಿದರು. ಆದರೂ ಮೂಲ ನಕ್ಷೆ ಹಿಮ ಬೀಳುವ ನಾಡಿನದು. ಮಳೆಗಾಲಕ್ಕೆ ಅದರಲ್ಲಿ ಜಾಗವೇ ಇಲ್ಲ.

ಬಿಳಿ ಚರ್ಮದಿಂದ ಹೊರಟು ಉಳಿದವರನ್ನು ಕೊನೆಗೆ ಸೇರಿಸಿಕೊಳ್ಳುವುದು ಸೌಂದರ್ಯದ ಪುಸ್ತಕಗಳ ಚಾಳಿ ಮಾತ್ರವಲ್ಲ. 1975ರಲ್ಲಿ ಚರ್ಮವೈದ್ಯ ಥಾಮಸ್ ಫಿಟ್ಜ್‌ಪ್ಯಾಟ್ರಿಕ್ ರೂಪಿಸಿದ ಅಳತೆಗೋಲಿನಲ್ಲಿ ಮೊದಲು ಇದ್ದದ್ದು ಬಿಳಿ ಚರ್ಮದ ನಾಲ್ಕು ಬಗೆ. ಕಂದು, ಕಪ್ಪು ಚರ್ಮಗಳಿಗೆ ಐದು ಮತ್ತು ಆರನೆಯ ಸ್ಥಾನ ಆಮೇಲೆ ಬಂತು. ಅದು ಅತಿನೇರಳೆ ಕಿರಣದ ಚಿಕಿತ್ಸೆಯ ಪ್ರಮಾಣ ನಿಗದಿಗೆ ಮಾಡಿದ್ದು. 2022ರಲ್ಲಿ ಗೂಗಲ್ ಬಳಕೆಗೆ ಬಿಟ್ಟ, ಸಮಾಜಶಾಸ್ತ್ರಜ್ಞ ಎಲಿಸ್ ಮಾಂಕ್ ಅವರ ಅಳತೆಗೋಲಿನಲ್ಲಿ ಹತ್ತು ಛಾಯೆಗಳಿವೆ, ಕಪ್ಪಿನ ಕಡೆಗೂ ಸಾಕಷ್ಟು ಮೆಟ್ಟಿಲುಗಳಿವೆ. ಬಟ್ಟೆಯ ಬಣ್ಣ ಹೇಳುವವರಿಗೆ ಇಂಥ ತಳಹದಿ ಇನ್ನೂ ಇಲ್ಲ. ಸ್ಕಾಟ್ಲೆಂಡಿನ ಸೇಂಟ್ ಆಂಡ್ರ್ಯೂಸ್ ವಿಶ್ವವಿದ್ಯಾಲಯದ ಸಂಶೋಧಕರು 2021ರಲ್ಲಿ ಒಂದು ಪರೀಕ್ಷೆ ನಡೆಸಿದರು. ನಸುಬಿಳುಪಿನ ಮುಖಕ್ಕೆ ಜನ ನೀಲಿಯ ಕಡೆಗೂ ಬಿಸಿಲಿಗೆ ಬಣ್ಣಗಟ್ಟಿದ ಮುಖಕ್ಕೆ ಕೆಂಪು, ಕಿತ್ತಳೆಯ ಕಡೆಗೂ ವಾಲಿದರು. ಜನರ ಆಯ್ಕೆಯಲ್ಲಿ ಒಮ್ಮತವಿದೆ ಎಂಬುದು ಕುತೂಹಲದ ಸಂಗತಿಯೇ. ಆದರೆ ಅಲ್ಲಿಯೂ ನೋಡಿದ್ದು ಬಿಳಿಯ ಹೆಂಗಸರ ಮುಖಗಳನ್ನು.

ಮಣಿಕಟ್ಟಿನ ನರ ನೋಡಿ ನಿರ್ಧರಿಸುವ ಉಪಾಯವಂತೂ ಕೈಬಿಡತಕ್ಕದ್ದು. ನರ ನೀಲಿಯಾಗಿದ್ದರೆ ತಂಪು ಛಾಯೆ, ಹಸಿರಾಗಿದ್ದರೆ ಬಿಸಿ ಛಾಯೆ ಎನ್ನುತ್ತಾರೆ. ನರದೊಳಗಿನ ರಕ್ತ ನೀಲಿಯೂ ಅಲ್ಲ, ಹಸಿರೂ ಅಲ್ಲ. ಚರ್ಮ ಬೆಳಕನ್ನು ಚದುರಿಸುವ ರೀತಿಯಿಂದ, ಸುತ್ತಲಿನ ಬಣ್ಣದ ಎದುರು ಅದು ಹಾಗೆ ಕಾಣುತ್ತದೆ. ಗಾಢ ಮೈಬಣ್ಣದವರಿಗೆ ಎಷ್ಟೋ ಸಲ ನರವೇ ಕಾಣದು.

ಬಟ್ಟೆ ಹಾಸಿ ನೋಡುವ ವಿಧಾನ ಮಾತ್ರ ಒಳ್ಳೆಯದು, ಅದನ್ನು ಬಿಡಬಾರದು. ಸೀರೆ ಅಂಗಡಿಯವನು ಸೆರಗನ್ನು ಹೆಗಲ ಮೇಲೆ ಹಾಕಿ ಕನ್ನಡಿ ತೋರಿಸುವುದು, ಟ್ಯೂಬ್‌ಲೈಟಿನ ಮೇಲೆ ನಂಬಿಕೆ ಸಾಲದ ಗಿರಾಕಿ ಸೀರೆಯನ್ನು ಬಾಗಿಲ ಬೆಳಕಿಗೆ ಒಯ್ಯುವುದು, ಇವೆರಡೂ ಸೇರಿದರೆ ಸೋಲ್ ನಗರದ ಸಲಹೆಗಾರರ ವಿಧಾನವೇ ಆಯಿತು. ಕಂದು ಮೈಯವರು ಹಾಗೆ ನೋಡುವಾಗ ತಂಪೋ ಬಿಸಿಯೋ ಎನ್ನುವುದಕ್ಕಿಂತ ಬಣ್ಣದ ಗಾಢತೆ ಮತ್ತು ತೇಜಸ್ಸನ್ನು ಮೊದಲು ಗಮನಿಸಬೇಕು. ಮೈಬಣ್ಣದಷ್ಟೇ ಗಾಢವಾದ, ಅದರಷ್ಟೇ ಮಂಕಾದ ಬಟ್ಟೆ ಮುಖದೊಂದಿಗೆ ಬೆರೆತುಹೋಗುತ್ತದೆ. ಮೈಗಿಂತ ತಿಳಿಯಾದ, ಮೈಗಿಂತ ಗಾಢವಾದ ಅಥವಾ ಅಷ್ಟೇ ಗಾಢವಾಗಿದ್ದರೂ ತೇಜಸ್ಸು ಹೆಚ್ಚಿರುವ ಬಣ್ಣ ಮುಖವನ್ನು ಬಿಡಿಸಿ ತೋರಿಸುತ್ತದೆ.

ಈ ಮಾತು ನಮ್ಮ ಮನೆಗಳಲ್ಲಿ ತಲೆಕೆಳಗಾಗಿದೆ. ‘ನಿನ್ನ ಬಣ್ಣಕ್ಕೆ ಅದು ಒಪ್ಪಲ್ಲ, ಲೈಟ್ ಕಲರ್ ತಗೊ’ ಎಂಬ ಮಾತು ಕೇಳಿ ಬೆಳೆದ ಕಪ್ಪು ಹುಡುಗಿಯರು ಎಷ್ಟಿಲ್ಲ! ಹಳದಿ ಬೇಡ, ರಾಣಿ ಕಲರ್ ಬೇಡ, ಗಿಳಿಹಸಿರಂತೂ ಬೇಡವೇ ಬೇಡ. 1975ರಲ್ಲಿ ಮಾರುಕಟ್ಟೆಗೆ ಬಂದು 2020ರಲ್ಲಷ್ಟೇ ಹೆಸರಿನಿಂದ ‘ಫೇರ್’ ತೆಗೆದುಹಾಕಿದ ಕ್ರೀಮಿನ ನಾಡು ಇದು. ಇಲ್ಲಿ ಮೈಬಣ್ಣಕ್ಕೆ ಒಪ್ಪುವ ಬಟ್ಟೆ ಎಂದರೆ ಎಷ್ಟೋ ಸಲ ಮೈಬಣ್ಣವನ್ನು ಮರೆಸುವ ಬಟ್ಟೆ ಎಂದೇ ಅರ್ಥ. ಮುಖ ‘ಬೆಳ್ಳಗೆ ಕಾಣುತ್ತದೆ’ ಎಂದು ಹೊಗಳಿ ಬಣ್ಣ ಆರಿಸಿಕೊಡುವ ಸಲಹೆಗಾರರು ಹಳೆಯ ನೋವನ್ನು ಹೊಸ ಶುಲ್ಕಕ್ಕೆ ಮಾರುತ್ತಿದ್ದಾರೆ. ಪದ್ಧತಿಯ ಎಲ್ಲ ಕೊರತೆಗಳಲ್ಲಿ ಕ್ಷಮಿಸಲಾಗದ್ದು ಇದೊಂದು.

ಉತ್ತರ ಕರ್ನಾಟಕದ ಸಂತೆಗೆ ಹೋದರೆ ಈ ನಿಷೇಧದ ಪೊಳ್ಳು ತಾನಾಗಿ ಬಯಲಾಗುತ್ತದೆ. ಬಿಸಿಲಿನಲ್ಲಿ ದುಡಿದ ಕಪ್ಪು ಮೈಯ ಮೇಲೆ ದಾಳಿಂಬೆ ಕೆಂಪಿನ ಇಳಕಲ್ ಸೀರೆ, ಗುಳೇದಗುಡ್ಡದ ಹಸಿರು ಖಣ, ಕೆಂಪು ಬಿಳಿ ತೆನೆಯ ಸೆರಗು. ಇನ್ನು ಲಂಬಾಣಿಗರು ಪ್ರಯಾಣವನ್ನೇ ಬದುಕಾಗಿಸಿಕೊಂಡಿದ್ದ ಜನ. ಎತ್ತುಗಳ ಮೇಲೆ ದವಸ, ಉಪ್ಪು ಹೇರಿಕೊಂಡು ನಾಡಿನಿಂದ ನಾಡಿಗೆ ನಡೆದವರು. ಅವರ ಹೆಂಗಸರ ಉಡುಪಿನ ಕೆಂಪು, ನೀಲಿ, ಹಳದಿ ತೇಪೆಗಳನ್ನೂ ಕನ್ನಡಿ ಬಿಲ್ಲೆಗಳನ್ನೂ ಸಂಡೂರಿನ ಕಸೂತಿಯಲ್ಲಿ ಇವತ್ತಿಗೂ ಕಾಣಬಹುದು. ಬಯಲಿನಲ್ಲಿ ದೂರದಿಂದಲೇ ಗುರುತು ಸಿಗುವ ಉಡುಪು ಅದು. ಪ್ರವಾಸದ ಬಟ್ಟೆಯ ಚರಿತ್ರೆ ಬರೆಯುವವರು ಲಂಬಾಣಿ ಲಂಗದಿಂದ ಶುರುಮಾಡಿದರೂ ತಪ್ಪಲ್ಲ.

ಇದರ ತದ್ವಿರುದ್ಧ ಇಂದಿನ ‘ಟ್ರಾವೆಲ್ ವೇರ್’ ಅಂಗಡಿ. ಅಲ್ಲಿ ಖಾಕಿ, ಬೂದು, ಆಲಿವ್ ಬಿಟ್ಟರೆ ಹೆಚ್ಚೇನೂ ಸಿಗುವುದಿಲ್ಲ. 1840ರ ದಶಕದ ಕೊನೆಗೆ ಪೇಶಾವರದ ಗೈಡ್ಸ್ ದಳ ಖಾಕಿ ತೊಟ್ಟದ್ದು ದೂಳಿನಲ್ಲಿ ಕಾಣದಂತಿರಲು. ಖಾಕಿ ಬಣ್ಣವನ್ನು ಬಾಸೆಲ್ ಮಿಷನ್ನಿನ ನೇಯ್ಗೆ ಕಾರ್ಖಾನೆಯಲ್ಲಿ ಜಾನ್ ಹಾಲರ್ ಕಂಡುಹಿಡಿದ ಎಂದು ಮಂಗಳೂರಿನವರು ಹೆಮ್ಮೆಯಿಂದ ಹೇಳುತ್ತಾರೆ. ಕೊಳೆ ಮುಚ್ಚುವ ಅದರ ಗುಣಕ್ಕೆ ಎರಡು ಮಾತಿಲ್ಲ. ಆದರೆ ಗೋಧಿಬಣ್ಣದ ಮುಖದ ಕೆಳಗೆ ಖಾಕಿ ಅಂಗಿ ತನ್ನ ಹುಟ್ಟಿನ ಕೆಲಸವನ್ನೇ ಮಾಡುತ್ತದೆ, ಮನುಷ್ಯನನ್ನು ಮರೆಮಾಡುತ್ತದೆ. ಖಾಕಿ ಪ್ಯಾಂಟಿಗಿರಲಿ, ಅಂಗಿಗೆ ಬೇಡ.

ಪೆಟ್ಟಿಗೆ ಹಗುರವಾಗುತ್ತದೆ ಎಂಬ ಎರಡನೆಯ ಭರವಸೆಗೆ ಬೇರೆ ವಂಶಾವಳಿಯಿದೆ. ಲಂಡನ್ನಿನಲ್ಲಿ ‘ವಾರ್ಡ್‌ರೋಬ್’ ಎಂಬ ಅಂಗಡಿ ನಡೆಸಿದ ಸೂಸಿ ಫಾ 1970ರ ದಶಕದಲ್ಲಿ ‘ಕ್ಯಾಪ್ಸೂಲ್ ವಾರ್ಡ್‌ರೋಬ್’ ವಿಚಾರವನ್ನು ಹರಡಿದರು; ನ್ಯೂಯಾರ್ಕಿನ ಡೋನಾ ಕರನ್ 1985ರಲ್ಲಿ ‘ಸೆವೆನ್ ಈಸಿ ಪೀಸಸ್’ ತಂದು ಅದನ್ನು ಫ್ಯಾಶನ್ ಮಾಡಿದರು. ಲೆಕ್ಕ ಸುಲಭ. ಐದು ಮೇಲಂಗಿ, ಮೂರು ಕೆಳಉಡುಪು ಒಂದಕ್ಕೊಂದು ಹೊಂದಿದರೆ ಹದಿನೈದು ಜೋಡಿ. ವಿಮಾನದ ಕೈಚೀಲಕ್ಕೆ 7 ಕೆಜಿ ಮಿತಿಯಿರುವಾಗ ಇದು ಸಣ್ಣ ಉಪಕಾರವಲ್ಲ. ಪಟ್ಟಿ ಕೈಯಲ್ಲಿದ್ದರೆ ಸಿಕ್ಕಿದ್ದನ್ನೆಲ್ಲ ಕೊಳ್ಳುವ ಚಟ ನಿಲ್ಲುತ್ತದೆ, ಬಟ್ಟೆಗಳು ತಂತಮ್ಮಲ್ಲೇ ಹೊಂದಿಕೊಳ್ಳುತ್ತವೆ. ಬಣ್ಣತಜ್ಞರಿಗೆ ಬಂದ ಮೆಚ್ಚುಗೆಯಲ್ಲಿ ದೊಡ್ಡ ಪಾಲು ಈ ಶಿಸ್ತಿಗೇ ಸಲ್ಲಬೇಕು.

ಊರಿನ ಲೆಕ್ಕ ಮಾತ್ರ ಪಟ್ಟಿಯಲ್ಲಿ ಸಿಗುವುದಿಲ್ಲ. ವಾಷಿಂಗ್ಟನ್ ವಿಶ್ವವಿದ್ಯಾಲಯದ ಸಂಶೋಧಕರು 2022ರಲ್ಲಿ ಪ್ರಕಟಿಸಿದಂತೆ, ಡೆಂಗಿ ಹರಡುವ ಈಡಿಸ್ ಸೊಳ್ಳೆಗಳು ನಮ್ಮ ಉಸಿರಿನ ವಾಸನೆ ಹತ್ತಿದ ಮೇಲೆ ಕೆಂಪು, ಕಿತ್ತಳೆ, ಕಪ್ಪಿನ ಕಡೆಗೆ ಹಾರುತ್ತವೆ. ಹಸಿರು, ನೇರಳೆ, ಬಿಳಿಯನ್ನು ಅಷ್ಟಾಗಿ ಲೆಕ್ಕಿಸುವುದಿಲ್ಲ. ಮನುಷ್ಯನ ಚರ್ಮ ಯಾವ ಬಣ್ಣದ್ದಾದರೂ ಸೊಳ್ಳೆಯ ಕಣ್ಣಿಗೆ ಕಿತ್ತಳೆಗೆಂಪಾಗಿಯೇ ಕಾಣುತ್ತದಂತೆ. ಟಾಂಜಾನಿಯಾದ ಸಫಾರಿಗೆ ಹೋಗುವವರು ತ್ಸೆತ್ಸೆ ನೊಣದ ಭಯಕ್ಕೆ ಕಡುನೀಲಿ, ಕಪ್ಪು ಬಿಟ್ಟೇ ಹೋಗಬೇಕು. ಚಳಿಗಾಲದವರಿಗೆ ಪಟ್ಟಿ ಕೊಡುವುದು ಅವನ್ನೇ. ಬಾರ್ಬಡೋಸಿನಲ್ಲಿ ಸೈನ್ಯದ ಮಾದರಿಯ ಬಟ್ಟೆ ತೊಡುವುದು ಅಪರಾಧ. ಬಿಸಿಲಿಗೆ ಕಪ್ಪು ಸಲ್ಲದು ಎಂಬ ನಂಬಿಕೆಯೂ ಪೂರ್ತಿ ನಿಜವಲ್ಲ. ಮರುಭೂಮಿಯ ಬೆದುಯಿನರ ಕಪ್ಪು ನಿಲುವಂಗಿಯನ್ನು ಪರೀಕ್ಷಿಸಿದ ವಿಜ್ಞಾನಿಗಳು, ಉಡುಪು ಸಡಿಲವಾಗಿದ್ದರೆ ಕಪ್ಪು, ಬಿಳಿ ಎರಡರಲ್ಲೂ ಮೈಗೆ ತಗಲುವ ಶಾಖ ಒಂದೇ ಎಂದು ಕಂಡುಕೊಂಡರು. ಆ ವರದಿ ಬಂದದ್ದೂ 1980ರಲ್ಲಿ, ಜಾಕ್ಸನ್ ಅವರ ಪುಸ್ತಕದ ವರ್ಷದಲ್ಲಿ. ಫೋಟೋದ ಸಂಗತಿ ಇನ್ನೊಂದು: ಕಪ್ಪು ಮುಖದ ಪಕ್ಕ ಅಚ್ಚಬಿಳಿ ಅಂಗಿಯಿದ್ದರೆ ಕ್ಯಾಮೆರಾ ಬಿಳಿಯನ್ನು ಉಳಿಸಲು ಬೆಳಕು ಇಳಿಸುತ್ತದೆ, ಮುಖ ಇನ್ನಷ್ಟು ಕತ್ತಲಾಗುತ್ತದೆ. ಕಣ್ಣಿಗೆ ಚೆಂದ ಕಂಡ ಜೋಡಿ ಫೋಟೋದಲ್ಲಿ ಸೋಲುವುದು ಹೀಗೆ. ಸ್ಯಾಂಡಲ್ ಕಲರ್, ತಿಳಿಹಳದಿಗಳು ಅಲ್ಲಿ ಬಿಳಿಗಿಂತ ವಾಸಿ.

ಜುಲೈ ತಿಂಗಳಲ್ಲಿ ಆಗುಂಬೆ ಘಾಟಿ ಇಳಿದು ಉಡುಪಿಯತ್ತ ಹೊರಟವರ ಚೀಲವನ್ನು ಈ ಎಲ್ಲ ತಿಳಿವಿನಿಂದ ಕಟ್ಟಿನೋಡಬಹುದು. ಕೆಮ್ಮಣ್ಣಿನ ರಾಡಿ ಮೊಣಕಾಲಿನವರೆಗೂ ಸಿಡಿಯುವ ಜಾಗ. ಕೆಳಗೆ ಇಟ್ಟಿಗೆ ಬಣ್ಣ ಅಥವಾ ಕಡುಕಂದು ಇದ್ದರೆ ಕಲೆ ಕಾಣದು. ಘಾಟಿಯ ಮಂಜಿನಲ್ಲಿ ಬೂದು ರೇನ್‌ಕೋಟ್ ಅಪಾಯ, ಕಡುಹಳದಿ ಇದ್ದರೆ ತಿರುವಿನಲ್ಲಿ ಬರುವ ಚಾಲಕನಿಗೆ ದೂರದಿಂದಲೇ ಕಾಣುತ್ತದೆ. ಮುಖದ ಹತ್ತಿರ ನಿಲ್ಲುವ ಅಂಗಿ, ದುಪಟ್ಟಾಗಳಿಗೆ ಮಾತ್ರ ಮೈಬಣ್ಣದ ವಿಚಾರ ಸಾಕು: ನವಿಲುಬಣ್ಣ, ಸಾಸಿವೆ, ಮರೂನ್, ಇವುಗಳಲ್ಲಿ ಹಗಲು ಬೆಳಕಿನ ಕನ್ನಡಿ ಒಪ್ಪಿದ್ದು. ಮೂರೂ ಕಂದಿನ ಜೊತೆ ಹೊಂದುತ್ತವೆ. ಸಂಜೆಯ ಸೊಳ್ಳೆಗೆ ತೋಳು ಮುಚ್ಚುವ ಒಂದು ತಿಳಿಹಸಿರು ಅಂಗಿ. ನೀಲಿಯ ಕೈಮಗ್ಗದ ಬಟ್ಟೆ ಬೇಕೆನ್ನುವವರು ಹೊರಡುವ ಮೊದಲೇ ಅದನ್ನು ಎರಡು ಮೂರು ಸಲ ಬೇರೆಯಾಗಿ ಒಗೆದಿರಬೇಕು. ಮಳೆಯಲ್ಲಿ ನೆನೆದ ಬಟ್ಟೆಗಳೆಲ್ಲ ಒಂದೇ ಪ್ಲಾಸ್ಟಿಕ್ ಚೀಲ ಸೇರುತ್ತವೆ, ಬಿಟ್ಟ ಬಣ್ಣ ಮೊದಲು ಹತ್ತುವುದು ಸಾಸಿವೆ ಅಂಗಿಗೇ.